ತಿಪಟೂರಿನ ಒಂದು ಕುಟುಂಬ ವೈದ್ಯರ ಕ್ಲಿನಿಕ್: ಅಮ್ಮನ ತೀವ್ರ ಉಬ್ಬಸಕ್ಕೆ ಸಿಕ್ಕ ಮೂರು ವರ್ಷಗಳ ಆರೈಕೆ

ತಿಪಟೂರಿನ ಹಳೆಯ ಬಡಾವಣೆಯೊಂದರ ಅಡ್ಡರಸ್ತೆಯಲ್ಲಿ, ಹಿಟ್ಟಿನ ಗಿರಣಿಗೂ ಸೈಕಲ್ ಅಂಗಡಿಗೂ ನಡುವೆ ಒಂದು ಕುಟುಂಬ ವೈದ್ಯರ ಕ್ಲಿನಿಕ್ ಇದೆ. ಒಬ್ಬ ವೈದ್ಯೆ, ಒಬ್ಬ ನರ್ಸ್, ಸಂಜೆ ಹೊತ್ತು ಚೀಟಿ ಬರೆಯಲು ಬರುವ ಒಬ್ಬ ಹುಡುಗ, ಇಷ್ಟೇ ಅಲ್ಲಿಯ ಸಿಬ್ಬಂದಿ. ಉಪಕರಣಗಳೆಂದರೆ ಔಷಧಿಯನ್ನು ಮಂಜಿನಂತೆ ಮಾಡಿ ಎಳೆಸುವ ನೆಬ್ಯುಲೈಸರ್ ಮಿಷನ್ ಒಂದು, ಒಂದು ಆಮ್ಲಜನಕದ ಸಿಲಿಂಡರ್, ರಕ್ತದ ಆಮ್ಲಜನಕ ತಿಳಿಯಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಊದಿ ಉಸಿರಿನ ರಭಸವನ್ನು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ. ಅರವತ್ತೈದು ವರ್ಷದ ನನ್ನ ತಾಯಿಯ ಉಬ್ಬಸವನ್ನು ಮೂರು ವರ್ಷಗಳಿಂದ ನೋಡಿಕೊಳ್ಳುತ್ತಿರುವುದು ಈ ಕ್ಲಿನಿಕ್. ಅವರದು ಸಾಧಾರಣ ಉಬ್ಬಸವಲ್ಲ. ‘ತೀವ್ರ ಆಸ್ತಮಾ’ ಎಂದು ಬೆಂಗಳೂರಿನ ಶ್ವಾಸಕೋಶ ತಜ್ಞರೇ ಖಚಿತಪಡಿಸಿರುವ ಕಾಯಿಲೆ. ಹಾಗಿದ್ದರೂ ಈ ಅವಧಿಯಲ್ಲಿ ತಜ್ಞರನ್ನು ನಾವು ಕಂಡದ್ದು ಐದು ಸಲ, ಈ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ್ದು ಐವತ್ತಕ್ಕೂ ಹೆಚ್ಚು ಸಲ. ಆ ಐವತ್ತು ಭೇಟಿಗಳಲ್ಲಿ ಏನು ನಡೆಯಿತು, ಕೊಟ್ಟ ಹಣಕ್ಕೂ ಕಾದ ಹೊತ್ತಿಗೂ ತಕ್ಕ ಫಲ ಸಿಕ್ಕಿತೇ ಎಂಬುದನ್ನು, ಇಂಥದೇ ರೋಗಿ ಮನೆಯಲ್ಲಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಅಮ್ಮನಿಗೆ ಉಬ್ಬಸ ಶುರುವಾದದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ. ನಮ್ಮ ಕಡೆ ಅದನ್ನು ಗೂರಲು ಎನ್ನುತ್ತಾರೆ, ದಮ್ಮು ಎನ್ನುವವರೂ ಇದ್ದಾರೆ. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಔಷಧಿ ನುಂಗುವವರ ಗುಂಪಿನಲ್ಲಿ ಅವರೂ ಎರಡು ವರ್ಷ ಸೇರಿದ್ದರು. ಸಸ್ಯಾಹಾರಿಯಾದ್ದರಿಂದ ಅವರಿಗೆ ಮೀನಿನ ಬದಲು ಬೆಲ್ಲದಲ್ಲಿಟ್ಟು ಕೊಟ್ಟರಂತೆ. ಅದಾದ ಮೇಲೆ ಬಂದದ್ದು ಸೂಜಿಯ ಕಾಲ. ಉಸಿರು ಕಟ್ಟಿದಾಗಲೆಲ್ಲ ಬಾಗಿಲು ತೆರೆದಿರುವ ಯಾವುದಾದರೂ ಕ್ಲಿನಿಕ್ಕಿಗೆ ಹೋಗುವುದು, ಶ್ವಾಸನಾಳ ಸಡಿಲಿಸುವ ಡೆರಿಫಿಲಿನ್ ಜೊತೆಗೆ ಒಳಗಿನ ಊತ ಇಳಿಸುವ ಸ್ಟೀರಾಯ್ಡ್ ಸೂಜಿಯೊಂದನ್ನು ಹಾಕಿಸಿಕೊಳ್ಳುವುದು, ಐದು ದಿನದ ಮಾತ್ರೆ ನುಂಗುವುದು, ಉಸಿರು ಸಲೀಸಾದ ಕೂಡಲೇ ಎಲ್ಲವನ್ನೂ ಮರೆಯುವುದು, ಹೀಗೆ ಸುಮಾರು ಇಪ್ಪತ್ತು ವರ್ಷ ಕಳೆಯಿತು. ಆ ವೈದ್ಯರಲ್ಲಿ ಯಾರೂ ಅಮ್ಮನಿಗೆ ಕೆಟ್ಟದ್ದನ್ನು ಬಯಸಿದವರಲ್ಲ. ಬಂದ ರೋಗಿಯ ಆ ಹೊತ್ತಿನ ಸಂಕಟವನ್ನು ಇಳಿಸಿ ಕಳಿಸಿದರು. ಆದರೆ ಈ ಕ್ಲಿನಿಕ್ಕಿಗೆ ಬರುವುದಕ್ಕೆ ಹಿಂದಿನ ಒಂದೇ ವರ್ಷದಲ್ಲಿ ಅಮ್ಮ ಐದು ಸುತ್ತು ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ, ಏಕೆಂದರೆ ಐದನ್ನೂ ಬರೆದುಕೊಟ್ಟವರು ಬೇರೆ ಬೇರೆ ವೈದ್ಯರು. ನನಗೂ ಗೊತ್ತಿರಲಿಲ್ಲ. ಮಗನಾಗಿ ಲೆಕ್ಕ ಇಡಬೇಕಾದ ಸಂಗತಿ ಅದೆಂಬುದೇ ನನಗೆ ಹೊಳೆದಿರಲಿಲ್ಲ.

ಮೊದಲ ಭೇಟಿಯಲ್ಲಿ ವೈದ್ಯೆ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದ್ದು ಎರಡೇ ನಿಮಿಷ. ಆಮೇಲೆ, “ಮನೆಯಲ್ಲಿರುವ ಔಷಧಿಯನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ನಾಳೆ ಬನ್ನಿ. ಮುಲಾಮು, ಕಷಾಯ, ಕಣ್ಣಿಗೆ ಹಾಕುವ ಹನಿ, ಏನನ್ನೂ ಬಿಡಬೇಡಿ,” ಎಂದು ಕಳಿಸಿದರು. ನನಗೆ ಸ್ವಲ್ಪ ಸಿಟ್ಟೇ ಬಂತು. ಉಬ್ಬಸಕ್ಕೆ ಬಂದವರ ಕಣ್ಣಿನ ಹನಿ ಇವರಿಗೇಕೆ ಎನ್ನಿಸಿತು. ಮಾರನೆಯ ದಿನ ಚೀಲವನ್ನು ಮೇಜಿನ ಮೇಲೆ ಸುರಿದಾಗ ಅವರ ಕೈ ಮೊದಲು ಹೋದದ್ದು ಆ ಹನಿಯ ಸೀಸೆಗೇ. ಅಮ್ಮನಿಗೆ ಕಣ್ಣಿನ ಒತ್ತಡ ಹೆಚ್ಚಿದೆಯೆಂದು ಎರಡು ವರ್ಷದ ಹಿಂದೆ ಬರೆದುಕೊಟ್ಟಿದ್ದ ಟಿಮೊಲೋಲ್ ಅದು. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳ ಜಾತಿಗೇ ಸೇರಿದ ಔಷಧಿ. ಕಣ್ಣಿಗೆ ಬಿಟ್ಟ ಹನಿ ಮೂಗಿನ ನಾಳದ ಮೂಲಕ ಇಳಿದು ರಕ್ತಕ್ಕೆ ಸೇರಿದರೆ ಶ್ವಾಸನಾಳಗಳನ್ನು ಬಿಗಿಯಬಲ್ಲದು, ಉಬ್ಬಸ ಇರುವವರಿಗೆ ಅದು ಸಲ್ಲದು. ಕಣ್ಣಿನ ವೈದ್ಯರು ಉಬ್ಬಸದ ಬಗ್ಗೆ ಕೇಳಿರಲಿಲ್ಲ, ಉಬ್ಬಸ ನೋಡಿದವರು ಕಣ್ಣಿನ ಬಗ್ಗೆ ಕೇಳಿರಲಿಲ್ಲ, ಅಮ್ಮನಂತೂ ಎರಡಕ್ಕೂ ಸಂಬಂಧವಿದೆಯೆಂದು ಊಹಿಸಿರಲಿಲ್ಲ. ವೈದ್ಯೆ ನಮ್ಮೆದುರೇ ಕಣ್ಣಿನ ವೈದ್ಯರಿಗೆ ಫೋನ್ ಮಾಡಿ ಮಾತನಾಡಿದರು. ಮರುದಿನವೇ ಬೇರೆ ಬಗೆಯ ಹನಿ ಬಂತು. ನಾನು ಈ ಕ್ಲಿನಿಕ್ಕಿನ ಸೇವೆಯನ್ನು ಅಳೆಯಲು ಒಂದೇ ಘಟನೆ ಆರಿಸಬೇಕಾದರೆ ಇದನ್ನೇ ಆರಿಸುತ್ತೇನೆ. ದೇಹದ ಒಂದೊಂದು ಭಾಗಕ್ಕೂ ಒಬ್ಬೊಬ್ಬ ತಜ್ಞರಿರುವಾಗ ಎಲ್ಲರ ಚೀಟಿಗಳನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡುವವರು ಒಬ್ಬರಾದರೂ ಬೇಕು, ಆ ಕೆಲಸ ಕುಟುಂಬ ವೈದ್ಯರದಲ್ಲದೆ ಬೇರೆ ಯಾರದೂ ಅಲ್ಲ.

ಚೀಲದಲ್ಲಿ ಎರಡು ಇನ್ಹೇಲರ್‌ಗಳೂ ಇದ್ದವು. ನಮ್ಮ ಮನೆಯಲ್ಲಿ ಅವುಗಳಿಗೆ ಪಂಪು ಎಂದೇ ಹೆಸರು. ನೀಲಿ ಬಣ್ಣದ್ದು ಬಿಗಿದ ಶ್ವಾಸನಾಳವನ್ನು ಕೂಡಲೇ ಸಡಿಲಿಸುವ ಸಾಲ್ಬುಟಮಾಲ್, ಅದು ಖಾಲಿಯಾಗಿತ್ತು. ಇನ್ನೊಂದು ಸ್ಟೀರಾಯ್ಡ್ ಇರುವ, ದಿನವೂ ಎಳೆಯಬೇಕಾದದ್ದು, ಅದು ಹೆಚ್ಚುಕಡಿಮೆ ತುಂಬಿಯೇ ಇತ್ತು. ವೈದ್ಯೆ ಬೈಯಲಿಲ್ಲ. “ಅಮ್ಮಾ, ನೀವು ಮನೆಯಲ್ಲಿ ಹೇಗೆ ಎಳೆಯುತ್ತೀರೋ ಹಾಗೆಯೇ ಎಳೆದು ತೋರಿಸಿ,” ಎಂದರು. ಅಮ್ಮ ಪಂಪನ್ನು ಅಲುಗಾಡಿಸಲಿಲ್ಲ, ಉಸಿರು ಹೊರಬಿಡಲಿಲ್ಲ, ಬಾಯಲ್ಲಿಟ್ಟು ಒತ್ತಿದರು, ಆಮೇಲೆ ಉಸಿರೆಳೆದರು. ಬಿಳಿ ಹೊಗೆ ಮೂಗಿನ ಮುಂದೆ ತೇಲಿಹೋದದ್ದು ನನಗೂ ಕಾಣಿಸಿತು. ಇಷ್ಟು ವರ್ಷ ಔಷಧಿ ನಾಲಿಗೆಗೂ ಗಾಳಿಗೂ ಸೇರಿತ್ತೇ ಹೊರತು ಶ್ವಾಸಕೋಶಕ್ಕೆ ಸೇರಿದ್ದು ಅಲ್ಪವೇ. ಇದು ಅಮ್ಮನೊಬ್ಬರ ಕಥೆಯಲ್ಲ. 1993ರಲ್ಲಿ ಶುರುವಾದ ಗಿನಾ ಎಂಬ ಅಂತರರಾಷ್ಟ್ರೀಯ ಆಸ್ತಮಾ ವೇದಿಕೆಯ ಮಾರ್ಗಸೂಚಿ ಹೇಳುವಂತೆ ಇನ್ಹೇಲರ್ ಬಳಸುವವರಲ್ಲಿ ಶೇ 80ರವರೆಗೂ ಸರಿಯಾಗಿ ಎಳೆಯಲಾರರು, ಬರೆದುಕೊಟ್ಟಂತೆ ದಿನವೂ ತೆಗೆದುಕೊಳ್ಳದವರು ಅರ್ಧಕ್ಕೆ ಕಡಿಮೆಯಿಲ್ಲ. ಅಂದಮೇಲೆ ಔಷಧಿ ಫಲಿಸಲಿಲ್ಲವೆಂದು ಇನ್ನೂ ಪ್ರಬಲವಾದ ಔಷಧಿ ಬರೆಯುವ ಮುನ್ನ ಎಳೆಯುವುದನ್ನು ನೋಡುವುದು ವೈದ್ಯರ ಮೊದಲ ಕೆಲಸವಾಗಬೇಕು. ಇಪ್ಪತ್ತು ವರ್ಷಗಳಲ್ಲಿ ಆ ಕೆಲಸ ಮಾಡಿದವರು ಇವರೇ ಮೊದಲಿಗರು.

ಪಂಪಿಗೆ ಸ್ಪೇಸರ್ ಎಂಬ ಡಬ್ಬಿ ಜೋಡಿಸಿ ಬಳಸುವುದನ್ನು ಕಲಿಸಿದ್ದು ನರ್ಸ್. ಅಲುಗಾಡಿಸುವುದು, ಉಸಿರು ಪೂರ್ತಿ ಹೊರಬಿಡುವುದು, ಒಂದು ಸಲ ಒತ್ತಿ ನಿಧಾನವಾಗಿ ಎಳೆಯುವುದು, ಹತ್ತು ಎಣಿಸುವವರೆಗೆ ಹಿಡಿದುಕೊಳ್ಳುವುದು, ಕೊನೆಗೆ ಬಾಯಿ ಮುಕ್ಕಳಿಸಿ ಉಗುಳುವುದು. ಇಷ್ಟನ್ನು ಕಲಿಯಲು ಅಮ್ಮನಿಗೆ ನಾಲ್ಕು ಭೇಟಿ ಹಿಡಿಯಿತು, ಈಗಲೂ ಪ್ರತಿ ಭೇಟಿಯಲ್ಲಿ ಒಮ್ಮೆ ಮಾಡಿ ತೋರಿಸಲೇಬೇಕು. ಮೊದಮೊದಲು ಇದು ಅತಿಯಾಯಿತು ಎನ್ನಿಸುತ್ತಿತ್ತು. ಎಂಟನೆಯ ತಿಂಗಳಲ್ಲಿ ಅಮ್ಮ ಮತ್ತೆ ಅಲುಗಾಡಿಸುವುದನ್ನು ಮರೆತದ್ದು ಸಿಕ್ಕಿಬಿದ್ದಾಗ ಅದರ ಅರ್ಥ ತಿಳಿಯಿತು.

ದಿನದ ಪಂಪನ್ನು ಅಮ್ಮ ಏಕೆ ಎಳೆಯುತ್ತಿರಲಿಲ್ಲ ಎಂಬುದಕ್ಕೆ ಎರಡು ಕಾರಣಗಳಿದ್ದವು. ಉಬ್ಬಸವೇ ಇಲ್ಲದ ದಿನ ಔಷಧಿ ಏಕೆ ಎಂಬುದು ಒಂದು. ಸ್ಟೀರಾಯ್ಡ್ ಎಂಬ ಹೆಸರಿನ ಭಯ ಇನ್ನೊಂದು. ಸೂಜಿಯಲ್ಲೂ ಮಾತ್ರೆಯಲ್ಲೂ ಅದೇ ಸ್ಟೀರಾಯ್ಡನ್ನು ಧಾರಾಳವಾಗಿ ತೆಗೆದುಕೊಂಡವರು ಪಂಪಿಗೆ ಮಾತ್ರ ಹೆದರುತ್ತಿದ್ದರು. ವೈದ್ಯೆ ಒಂದು ಲೆಕ್ಕ ಹಾಕಿ ತೋರಿಸಿದರು: ಐದು ದಿನ ನುಂಗುವ ಮಾತ್ರೆಗಳಲ್ಲಿ 200 ಮಿಲಿಗ್ರಾಂ, ಪಂಪಿನಲ್ಲಿ ದಿನಕ್ಕೆ 800 ಮೈಕ್ರೊಗ್ರಾಂ, ಅಂದರೆ ಒಂದು ಮಿಲಿಗ್ರಾಂಗೂ ಕಡಿಮೆ, ಐದು ದಿನದ ಮಾತ್ರೆಯ ತೂಕ ಸೇರಬೇಕಾದರೆ ಪಂಪನ್ನು 250 ದಿನ ಎಳೆಯಬೇಕು. ಎರಡೂ ಒಂದೇ ಔಷಧಿಯಲ್ಲ, ಇದು ಬರೀ ತೂಕದ ಹೋಲಿಕೆ ಎಂಬುದನ್ನೂ ಅವರೇ ಹೇಳಿದರು. ತೆಂಗಿನಕಾಯಿ ಎಣಿಸಿ ಬದುಕಿದ ಮನೆಯವರಿಗೆ ಲೆಕ್ಕದಷ್ಟು ಬೇಗ ತಲೆಗೆ ಹತ್ತುವುದು ಬೇರೊಂದಿಲ್ಲ. ಆ ದಿನದಿಂದ ಅಮ್ಮ ಬೆಳಗಿನ ಕಾಫಿಗೆ ಮೊದಲು ಪಂಪು ಎಳೆಯುವುದನ್ನು ತಪ್ಪಿಸಿಲ್ಲ. ನೀಲಿ ಪಂಪನ್ನೇ ನೆಚ್ಚಿಕೊಳ್ಳುವ ಅಭ್ಯಾಸವನ್ನೂ ವೈದ್ಯೆ ಬಿಡಿಸಿದರು. ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ಶ್ವಾಸನಾಳ ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಇರುವ ಒಂದೇ ಪಂಪನ್ನು ದಿನಕ್ಕೆ ಎರಡು ಹೊತ್ತು, ಉಸಿರು ಬಿಗಿದಾಗ ಹೆಚ್ಚುವರಿಯಾಗಿ ಎಷ್ಟು ಎಂದು ದಿನದ ಮಿತಿಯನ್ನು ಬರೆದು ಕೊಟ್ಟರು. ಸಾಲ್ಬುಟಮಾಲ್ ಒಂದನ್ನೇ ನಂಬಿ ಆಸ್ತಮಾಕ್ಕೆ ಚಿಕಿತ್ಸೆ ಮಾಡಬಾರದೆಂದು ಗಿನಾ 2019ರಿಂದಲೇ ಹೇಳುತ್ತಿದೆ, ಆದರೆ ನಮ್ಮ ಊರಿನ ಔಷಧಿ ಅಂಗಡಿಗಳಲ್ಲಿ ಇವತ್ತಿಗೂ ಚೀಟಿಯಿಲ್ಲದೆ ಕೈಬದಲಾಗುವುದು ನೀಲಿ ಪಂಪೇ.

ಈಗ ಮನೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬೆಂಗಳೂರಿನ ತಜ್ಞರು ಎಷ್ಟೇ ಜಾಣರಾದರೂ ಕೇಳಲು ಹೊಳೆಯದ ಪ್ರಶ್ನೆಯನ್ನು ಈ ವೈದ್ಯೆ ಕೇಳಿದರು: “ಕಾಯಿಯನ್ನು ಎಲ್ಲಿ ಕೂಡಿಡುತ್ತೀರಿ?” ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವವರು ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತು–ಹನ್ನೆರಡು ತಿಂಗಳು ಇಡುತ್ತಾರೆ, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡುತ್ತದೆ. ಮೊದಲು ಅಟ್ಟ ಇರುತ್ತಿದ್ದದ್ದು ವಾಸದ ಮನೆಯಲ್ಲೇ. ನಮ್ಮದರಲ್ಲಿ ಆಗಲೂ ಹಾಗೆಯೇ ಇತ್ತು, ಅದೂ ಅಮ್ಮ ಮಲಗುವ ಕೋಣೆಯ ಮೇಲೆ. ಮಳೆಗಾಲದಲ್ಲಿ ಕಾಯಿಯ ಮೇಲೆ ಬೂಷ್ಟು ಹಿಡಿಯುತ್ತದೆ, ಇಳಿಸುವಾಗ ಮಟ್ಟೆಯ ದೂಳು ಮನೆಯೆಲ್ಲ ಹರಡುತ್ತದೆ. ಸಾಲದ್ದಕ್ಕೆ ಬಚ್ಚಲಿನ ಹಂಡೆಗೆ ಬೆಳಗಿನ ಐದಕ್ಕೇ ಮಟ್ಟೆ ಉರಿ ಹಾಕುತ್ತಿದ್ದವರೂ ಅಮ್ಮನೇ. ಅಮ್ಮನ ಉಬ್ಬಸ ಏರುತ್ತಿದ್ದದ್ದು ಹೆಚ್ಚಾಗಿ ಮುಂಜಾವಿನಲ್ಲಿ. ಅದಕ್ಕೆ ಹವೆಯೇ ಕಾರಣವೆಂದು ನಾವು ನಂಬಿದ್ದೆವು. ಈ ಊರಿನಲ್ಲಿ ಕಾಯಿ ಸುಲಿಯುವವರನ್ನೂ ಕೊಬ್ಬರಿ ಮಂಡಿಯ ಹಮಾಲರನ್ನೂ ದಿನವೂ ನೋಡುವ ವೈದ್ಯೆಗೆ ಆ ದೂಳಿನ ಪರಿಚಯ ಚೆನ್ನಾಗಿಯೇ ಇತ್ತು. ಕಾಯಿಯನ್ನು ತೋಟದ ಶೆಡ್ಡಿಗೆ ಸಾಗಿಸಲು ನಮ್ಮ ತಂದೆಯನ್ನು ಒಪ್ಪಿಸಲು ಆರು ತಿಂಗಳು ಬೇಕಾಯಿತು, ಕಳ್ಳತನದ ಭಯ ಅವರಿಗೆ. ಹಂಡೆಯ ಬದಲು ಗೀಸರ್ ಬಂದದ್ದು ಅದಕ್ಕಿಂತ ಬೇಗ.

ಇಷ್ಟೆಲ್ಲ ಸರಿಪಡಿಸುವವರೆಗೆ ವೈದ್ಯೆ ‘ತೀವ್ರ’ ಎಂಬ ಪದವನ್ನು ಬಳಸಲೇ ಇಲ್ಲ. ಅವರ ಮಾತಿನಲ್ಲಿ ಉಬ್ಬಸ ಹತೋಟಿಗೆ ಬಾರದಿರುವುದು ಬೇರೆ, ಉಬ್ಬಸವೇ ತೀವ್ರವಾಗಿರುವುದು ಬೇರೆ. ಎಳೆಯುವ ರೀತಿ ತಪ್ಪಾಗಿದ್ದರೆ, ಔಷಧಿ ತಪ್ಪಿಸುತ್ತಿದ್ದರೆ, ದೂಳು ಹೊಗೆ ತಪ್ಪದಿದ್ದರೆ, ಮೂಗಿನ ಅಲರ್ಜಿಯೋ ಹೊಟ್ಟೆಯ ಹುಳಿ ಮೇಲೇರುವುದೋ ಬೊಜ್ಜೋ ಜೊತೆಗಿದ್ದರೆ, ಅದು ಕಷ್ಟಕರ ಆಸ್ತಮಾ ಅಷ್ಟೇ. ಅವೆಲ್ಲವನ್ನೂ ನೋಡಿ ಸರಿಪಡಿಸಿದ ಮೇಲೂ, ಹೆಚ್ಚಿನ ಪ್ರಮಾಣದ ಔಷಧಿ ಕೊಟ್ಟರೂ ಹತೋಟಿ ತಪ್ಪುವುದಾದರೆ, ಅಥವಾ ಆ ಪ್ರಮಾಣ ಇಳಿಸಿದೊಡನೆ ಹದಗೆಡುವುದಾದರೆ, ಆಗ ಅದು ತೀವ್ರ ಆಸ್ತಮಾ. ಗಿನಾ ಉಲ್ಲೇಖಿಸುವ ಅಂದಾಜಿನಲ್ಲಿ ವಯಸ್ಕ ಆಸ್ತಮಾ ರೋಗಿಗಳ ಪೈಕಿ ಕಷ್ಟಕರ ಎನ್ನಿಸುವವರು ಶೇ 17ರಷ್ಟು, ನಿಜವಾಗಿ ತೀವ್ರ ಇರುವವರು ಶೇ 3.7ರಷ್ಟು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಸೋಸುವುದು ದುಬಾರಿ ಪರೀಕ್ಷೆಗಳಲ್ಲ. ಚೀಲ ಸುರಿದು ನೋಡುವುದು, ಪಂಪು ಎಳೆಸಿ ನೋಡುವುದು, ಅಟ್ಟದ ಬಗ್ಗೆ ಕೇಳುವುದು. ಸೋಸದೆ ತಜ್ಞರ ಬಾಗಿಲಿಗೆ ಕಳಿಸಿದರೆ ಅಲ್ಲಿಯೂ ಮೊದಲು ನಡೆಯಬೇಕಾದದ್ದು ಇದೇ, ಆದರೆ ನೂರನಲವತ್ತು ಕಿಲೋಮೀಟರ್ ದೂರದಲ್ಲಿ, ಹತ್ತು ನಿಮಿಷದ ಭೇಟಿಯಲ್ಲಿ.

ಅಮ್ಮನ ವಿಷಯದಲ್ಲಿ ಸೋಸಿದ ಮೇಲೂ ಉಳಿಯಿತು. ನಾಲ್ಕು ವಾರಗಳ ಉಸಿರಾಟದ ಬಗ್ಗೆ ಐದು ಪ್ರಶ್ನೆ ಕೇಳಿ 25ಕ್ಕೆ ಅಂಕ ಕೊಡುವ ಒಂದು ಪದ್ಧತಿ ಇದೆ; 19 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹತೋಟಿ ಸಾಲದು ಎಂದರ್ಥ. ಮೊದಲ ದಿನ ಅಮ್ಮನಿಗೆ ಬಂದದ್ದು 9. ಆರು ತಿಂಗಳಲ್ಲಿ 16ಕ್ಕೆ ಏರಿ ಅಲ್ಲಿಯೇ ನಿಂತಿತು, ನಡುವೆ ಎರಡು ಸಲ ಮಾತ್ರೆಯ ಸ್ಟೀರಾಯ್ಡ್ ಕೊಡಲೇಬೇಕಾಯಿತು. ವರ್ಷಕ್ಕೆ ಎರಡು ಸುತ್ತು ಮಾತ್ರೆ ಎಂಬುದೇ ತಜ್ಞರ ಬಳಿ ಕಳಿಸಬೇಕಾದ ಗಡಿ ಎಂದು ವೈದ್ಯೆ ಹೇಳಿದರು. ಜೀವಮಾನದಲ್ಲಿ ನಾಲ್ಕೈದು ಸುತ್ತು ಮುಗಿದರೆ ಸಾಕು, ಮೂಳೆ ಸವೆತ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆಗಳ ಅಪಾಯ ಏರತೊಡಗುತ್ತದಂತೆ. ಅಮ್ಮನ ಲೆಕ್ಕ ಎಲ್ಲಿಗೆ ಮುಟ್ಟಿದೆಯೋ ದೇವರಿಗೇ ಗೊತ್ತು.

ಆಗ ಅವರು ಬರೆದ ಪತ್ರದ ಪ್ರತಿ ನನ್ನ ಬಳಿ ಇದೆ. ಒಂದೇ ಪುಟ. ಉಬ್ಬಸ ಶುರುವಾದ ವಯಸ್ಸು, ಹದಿನೆಂಟು ತಿಂಗಳಲ್ಲಿ ಆದ ಉಲ್ಬಣಗಳ ದಿನಾಂಕ, ಪ್ರತಿಯೊಂದರಲ್ಲೂ ಕೊಟ್ಟ ಔಷಧಿ, ಈಗಿನ ಪಂಪು ಮತ್ತು ಪ್ರಮಾಣ, ಎಳೆಯುವ ರೀತಿಯನ್ನು ಪರಿಶೀಲಿಸಿದ ದಿನಾಂಕಗಳು, ಟಿಮೊಲೋಲ್ ನಿಲ್ಲಿಸಿದ ಸಂಗತಿ, ಅಟ್ಟದ ಬೂಷ್ಟು, ಸ್ಟೀರಾಯ್ಡ್ ಮಾತ್ರೆ ಇಲ್ಲದ ಸಮಯದಲ್ಲಿ ಮಾಡಿಸಿದ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಇಯೊಸಿನೊಫಿಲ್ ಎಂಬ, ಅಲರ್ಜಿಯಲ್ಲಿ ಹೆಚ್ಚುವ ಬಿಳಿ ರಕ್ತಕಣಗಳು 610 ಇದ್ದದ್ದು, ಕೊನೆಗೆ ಮೂರು ಪ್ರಶ್ನೆಗಳು. ಬೆಂಗಳೂರಿನ ತಜ್ಞರು ಅದನ್ನು ಎರಡು ಸಲ ಓದಿ, “ಇಷ್ಟು ಬರೆದು ಕಳಿಸುವವರು ಕಡಿಮೆ,” ಎಂದರು. ಇಯೊಸಿನೊಫಿಲ್ 150 ದಾಟಿದರೇ ಗಮನಿಸಬೇಕಂತೆ. ಅಲ್ಲಿ ಸ್ಪೈರೊಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ ಆಯಿತು. ಔಷಧಿ ಎಳೆದ ಮೇಲೆ ಉಸಿರಿನ ಅಳತೆ ಶೇ 12 ಮತ್ತು 200 ಮಿಲಿಲೀಟರ್‌ಗಿಂತ ಹೆಚ್ಚು ಸುಧಾರಿಸಿದ್ದರಿಂದ ಕಾಯಿಲೆ ಆಸ್ತಮಾವೇ ಎಂಬುದು ಕಾಗದದ ಮೇಲೂ ಬಂತು. ಬೂಷ್ಟಿನ ಉಲ್ಲೇಖವಿದ್ದದ್ದರಿಂದ ಆಸ್ಪರ್ಜಿಲಸ್ ಶಿಲೀಂಧ್ರದ ಅಲರ್ಜಿಗೂ ರಕ್ತ ಪರೀಕ್ಷಿಸಿದರು, ಅದು ಇರಲಿಲ್ಲ. ಟಿಯೊಟ್ರೋಪಿಯಂ ಎಂಬ ಇನ್ನೊಂದು ಎಳೆಯುವ ಔಷಧಿ ಸೇರಿತು. ಓಮಾಲಿಜುಮ್ಯಾಬ್, ಮೆಪೊಲಿಜುಮ್ಯಾಬ್, ಬೆನ್ರಾಲಿಜುಮ್ಯಾಬ್ ಎಂಬ ಜೈವಿಕ ಚುಚ್ಚುಮದ್ದುಗಳ ಬಗ್ಗೆಯೂ ಬಿಡಿಸಿ ಹೇಳಿದರು. ಅವುಗಳಿಗೆ ಹತ್ತಾರು ಸಾವಿರ ರೂಪಾಯಿ ಬೇಕು, ಒಮ್ಮೆ ಶುರುಮಾಡಿದರೆ ಸುಲಭವಾಗಿ ಬಿಡುವಂತಿಲ್ಲ. ಟಿಯೊಟ್ರೋಪಿಯಂ ಸೇರಿದ ಮೇಲೆ ಒಂದು ವರ್ಷ ನೋಡೋಣ, ಮತ್ತೆ ಎರಡು ಉಲ್ಬಣವಾದರೆ ಚುಚ್ಚುಮದ್ದಿಗೆ ಹೋಗೋಣ ಎಂದು ಇಬ್ಬರು ವೈದ್ಯರೂ ಮಾತನಾಡಿಕೊಂಡು ನಿರ್ಧರಿಸಿದರು. ಅಮ್ಮನ ಅಂಕ ಈಗ 20–21ರಲ್ಲಿದೆ. ಕಳೆದ ಹನ್ನೆರಡು ತಿಂಗಳಲ್ಲಿ ಮಾತ್ರೆಯ ಸುತ್ತು ಒಂದೇ.

ಆ ಒಂದು ಸುತ್ತಿನ ರಾತ್ರಿಯ ಕಥೆಯನ್ನು ಹೇಳಲೇಬೇಕು. ಕ್ಲಿನಿಕ್ಕಿನಿಂದ ನಮಗೆ ಕನ್ನಡದಲ್ಲಿ ಬರೆದ ಒಂದು ಹಾಳೆ ಕೊಟ್ಟಿದ್ದಾರೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅಮ್ಮ ಚೆನ್ನಾಗಿದ್ದಾಗ ಪೀಕ್ ಫ್ಲೋ 260. ಅದರ ಶೇ 80, ಅಂದರೆ ಸುಮಾರು 210ರ ಮೇಲಿದ್ದರೆ ಹಸಿರು. 130ರಿಂದ 210 ಹಳದಿ, ಪಂಪಿನ ಪ್ರಮಾಣ ಏರಿಸಿ ಫೋನ್ ಮಾಡಬೇಕು. 130ಕ್ಕಿಂತ ಇಳಿದರೆ ಕೆಂಪು, ಕೂಡಲೇ ಹೊರಡಬೇಕು. ಆ ಸಂಜೆ, ಏಳು ಗಂಟೆಯ ಸುಮಾರಿಗೆ, ನೆರೆಮನೆಯ ಗೃಹಪ್ರವೇಶದ ಹೋಮದ ಹೊಗೆ ಕುಡಿದು ಬಂದ ಅಮ್ಮ ಊದಿದಾಗ ಬಂದದ್ದು 120. ಮಾತು ಎರಡೆರಡು ಪದಕ್ಕೆ ನಿಲ್ಲುತ್ತಿತ್ತು. ಕ್ಲಿನಿಕ್ಕಿನಲ್ಲಿ ಆಕ್ಸಿಮೀಟರ್ 90 ತೋರಿಸಿತು. ವೈದ್ಯೆ ಆಮ್ಲಜನಕ ಹಚ್ಚಿ, ಸ್ಪೇಸರಿನಲ್ಲೇ ಇಪ್ಪತ್ತು ನಿಮಿಷಕ್ಕೊಮ್ಮೆ ಸಾಲ್ಬುಟಮಾಲ್ ಕೊಡಿಸಿ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿಸಿ, ಅದೇ ವೇಳೆಗೆ 108ಕ್ಕೆ ಫೋನ್ ಮಾಡಿಸಿದ್ದರು. ಮಿಷನ್ ಹಾಕಲಿಲ್ಲವಲ್ಲ ಎಂದು ಅಮ್ಮ ಆ ಉಸಿರಿನಲ್ಲೂ ಗೊಣಗಿದರು; ನೆಬ್ಯುಲೈಸರ್ ಮಾಡುವ ಕೆಲಸವನ್ನು ಸ್ಪೇಸರ್ ಅಷ್ಟೇ ಚೆನ್ನಾಗಿ ಮಾಡುತ್ತದೆಂದು ಅವರಿಗೆ ಇನ್ನೂ ಪೂರ್ತಿ ನಂಬಿಕೆಯಿಲ್ಲ. ಒಂದು ಗಂಟೆಯಲ್ಲಿ 170ಕ್ಕೆ ಏರಿತು. ಆದರೂ ವೈದ್ಯೆ ಮನೆಗೆ ಬಿಡಲಿಲ್ಲ, ಚೀಟಿ ಬರೆದು ಆಸ್ಪತ್ರೆಗೆ ಕಳಿಸಿದರು. ಎರಡು ದಿನ ಅಲ್ಲಿದ್ದು ಬಂದ ಮರುದಿನ ನರ್ಸ್ ತಾವಾಗಿಯೇ ಫೋನ್ ಮಾಡಿ, ವಾರದೊಳಗೆ ಬಂದು ತೋರಿಸಲು ಹೇಳಿದರು. ತನ್ನ ಕೈಗೆ ಮೀರಿದ್ದು ಯಾವುದು ಎಂದು ತಿಳಿದಿರುವ ವೈದ್ಯರನ್ನು ನಂಬುವುದು ಸುಲಭ.

ಬ್ರಿಟನ್ನಿನಲ್ಲಿ ಆಸ್ತಮಾದಿಂದ ಸತ್ತ 195 ಮಂದಿಯ ದಾಖಲೆಗಳನ್ನು ಪರಿಶೀಲಿಸಿದ ವರದಿಯೊಂದು 2014ರಲ್ಲಿ ಹೊರಬಂತು. ಅವರಲ್ಲಿ ಶೇ 43 ಮಂದಿಗೆ ಸಾವಿಗೆ ಹಿಂದಿನ ವರ್ಷ ಪ್ರಾಥಮಿಕ ಹಂತದ ವೈದ್ಯರಿಂದ ಆಸ್ತಮಾ ತಪಾಸಣೆಯೇ ಆಗಿರಲಿಲ್ಲ. ನಮ್ಮ ಫ್ರಿಜ್ಜಿನ ಮೇಲಿರುವಂಥ ಹಾಳೆ ಸಿಕ್ಕಿದ್ದು ಶೇ 23 ಮಂದಿಗೆ ಮಾತ್ರ. ಮನೆಮನೆಗೂ ನೋಂದಾಯಿತ ವೈದ್ಯರಿರುವ ದೇಶದ ಮಾತಿದು. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಸುಮಾರು ಶೇ 13 ಮಂದಿ ಭಾರತದಲ್ಲಿದ್ದರೆ ಆಸ್ತಮಾ ಸಾವುಗಳಲ್ಲಿ ಸುಮಾರು ಶೇ 42 ಇಲ್ಲಿಯವೆಂಬ ಅಂದಾಜಿದೆ. ಈ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದಾಗ ಅಡ್ಡರಸ್ತೆಯ ಕ್ಲಿನಿಕ್ಕಿನ ಒಂದು ಉದ್ದನೆಯ ನೋಟುಪುಸ್ತಕ ನನಗೆ ದೊಡ್ಡದಾಗಿ ಕಂಡಿತು. ದೀರ್ಘ ಕಾಯಿಲೆಯ ಪ್ರತಿ ರೋಗಿಗೂ ಅದರಲ್ಲಿ ಎರಡು ಪುಟ. ಬಂದ ದಿನ, ಪೀಕ್ ಫ್ಲೋ, ಅಂಕ, ಮಾತ್ರೆಯ ಸುತ್ತುಗಳು, ಸಕ್ಕರೆ, ರಕ್ತದೊತ್ತಡ. ಬರಬೇಕಾದವರು ಬಾರದಿದ್ದರೆ ನರ್ಸ್ ಶನಿವಾರ ಕುಳಿತು ಫೋನ್ ಮಾಡುತ್ತಾರೆ.

ಕೊರತೆಗಳೂ ಇವೆ, ಅವನ್ನು ಮುಚ್ಚಿಡುವುದಿಲ್ಲ. ಸ್ಪೈರೊಮೀಟರ್ ಇಲ್ಲ, ಇದ್ದಿದ್ದರೆ ಒಂದು ಪ್ರಯಾಣವಾದರೂ ಉಳಿಯುತ್ತಿತ್ತು, ಕಾಯಿಲೆ ಆಸ್ತಮಾವೇ ಎಂಬ ಖಚಿತತೆಯೂ ಒಂದು ವರ್ಷ ಮೊದಲೇ ಸಿಗುತ್ತಿತ್ತು. ಟೋಕನ್ ಪದ್ಧತಿಯಿಲ್ಲ. ಕೊಬ್ಬರಿ ಹರಾಜಿನ ದಿನ ಹಳ್ಳಿಗಳಿಂದ ಬಂದವರೆಲ್ಲ ಕ್ಲಿನಿಕ್ಕಿಗೂ ಹಾಯ್ದು ಹೋಗುವುದರಿಂದ ಎರಡು ಗಂಟೆ ಕಾದದ್ದುಂಟು. ರಾತ್ರಿ ಎಂಟೂವರೆಯ ಮೇಲೆ ಮತ್ತು ಭಾನುವಾರ ಬಾಗಿಲು ಹಾಕಿರುತ್ತದೆ, ಫೋನ್ ಎತ್ತುವುದೂ ಖಚಿತವಿಲ್ಲ; ಆ ರಾತ್ರಿಯ ಉಲ್ಬಣ ಎರಡು ಗಂಟೆ ತಡವಾಗಿ ಶುರುವಾಗಿದ್ದರೆ ಈ ಬರಹದ ಧಾಟಿ ಬೇರೆಯಾಗಿರುತ್ತಿತ್ತು. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಗಳನ್ನು ಹಾಕಿಸಿಕೊಳ್ಳಿ ಎಂದು ಹೇಳುತ್ತಾರೆ, ಆದರೆ ದಾಸ್ತಾನು ಇಡುವುದಿಲ್ಲ, ತುಮಕೂರಿನಿಂದ ತರಿಸಬೇಕಾಯಿತು. ವೈದ್ಯೆಯ ಕಡೆಯಿಂದಲೂ ಎರಡು ಸಂಗತಿಗಳು ತಡವಾದವು. ಇಷ್ಟು ವರ್ಷ ಸ್ಟೀರಾಯ್ಡ್ ನುಂಗಿದವರ ಮೂಳೆಯ ಸಾಂದ್ರತೆಯನ್ನು ಮೊದಲ ವರ್ಷವೇ ನೋಡಿಸಬೇಕಿತ್ತು, ನೋಡಿಸಿದ್ದು ಮೂರನೆಯ ವರ್ಷ, ಆ ಹೊತ್ತಿಗೆ ಸವೆತ ಕಾಣಿಸಿಕೊಂಡಿತ್ತು. ಅಮ್ಮನ ಗೊರಕೆಯ ಬಗ್ಗೆ ಅವರು ಕೇಳಿರಲೇ ಇಲ್ಲ. ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆ ಉಬ್ಬಸವನ್ನು ಹದಗೆಡಿಸುತ್ತದೆಂದು ತಜ್ಞರು ಹೇಳಿದ ಮೇಲೆ ನಾವೇ ಪ್ರಸ್ತಾಪಿಸಬೇಕಾಯಿತು. ಎರಡನ್ನೂ ಅವರ ಮುಂದೆ ಹೇಳಿದ್ದೇನೆ, ಮೊದಲನೆಯದನ್ನು ಅವರು ತಪ್ಪೆಂದೇ ಒಪ್ಪಿಕೊಂಡರು.

ಇನ್ನೊಂದು ಆತಂಕ, ಇದೆಲ್ಲ ಒಬ್ಬರ ಮೇಲೆ ನಿಂತಿರುವುದು. ಕಳೆದ ಮೇ ತಿಂಗಳಲ್ಲಿ ವೈದ್ಯೆ ಮೂರು ವಾರ ಊರಿನಲ್ಲಿರಲಿಲ್ಲ, ಬದಲಿಗೆ ಬಂದಿದ್ದ ಯುವ ವೈದ್ಯರು ಅಮ್ಮನ ಕೆಮ್ಮಿಗೆ ಆಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಸೂಜಿ ಬರೆಯಲು ಹೊರಟಿದ್ದರು. ನರ್ಸ್ ನೋಟುಪುಸ್ತಕ ತೆರೆದು ಅವರ ಮುಂದಿಟ್ಟರು. ಅವರು ಓದಿ, ಪೀಕ್ ಫ್ಲೋ ಊದಿಸಿ, 215 ಬಂದದ್ದನ್ನು ನೋಡಿ, ಸೂಜಿ ಬಿಟ್ಟರು. ಆದರೆ ಆ ಪುಸ್ತಕಕ್ಕೆ ಇನ್ನೊಂದು ಪ್ರತಿಯಿಲ್ಲ. ಅಮ್ಮನ ಎರಡು ಪುಟಗಳನ್ನು ನಾನು ಪ್ರತಿ ಭೇಟಿಯ ಕೊನೆಗೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತೇನೆ. ಅಲ್ಲಿಗೆ ಹೋಗುವವರೆಲ್ಲ ಹಾಗೆ ಮಾಡುವುದು ಒಳ್ಳೆಯದು.

ಖರ್ಚಿನ ವಿವರ ಹೀಗಿದೆ. ಭೇಟಿಗೆ 150 ರೂಪಾಯಿ, ವಾರದೊಳಗೆ ಮತ್ತೆ ಹೋದರೆ ತೆಗೆದುಕೊಳ್ಳುವುದಿಲ್ಲ. ಎಳೆಯುವ ಔಷಧಿಗಳಿಗೆ ತಿಂಗಳಿಗೆ ಸುಮಾರು 900 ರೂಪಾಯಿ ಆಗುತ್ತಿದೆ. ಜನೌಷಧಿ ಕೇಂದ್ರದಲ್ಲಿ ಸಿಕ್ಕ ತಿಂಗಳು ಅದಕ್ಕಿಂತ ಬಹಳ ಕಡಿಮೆ, ಆದರೆ ದಾಸ್ತಾನು ಇರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಸೂಜಿಯ ಕಾಲದಲ್ಲಿ ವರ್ಷಕ್ಕೆ ಎರಡು ಸಲ ಆಸ್ಪತ್ರೆ ಸೇರುತ್ತಿದ್ದ ಖರ್ಚನ್ನು ನೆನೆದರೆ ಇದು ಭಾರವೆನ್ನಿಸುವುದಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದಲ್ಲಿ ಅರ್ಧ ಭಾನುವಾರಕ್ಕೆ, ಅರ್ಧ ಮೂಳೆಗೆ.

ಹೋಗುವವರು ಹರಾಜಿನ ದಿನ ಬಿಟ್ಟು ಬೆಳಿಗ್ಗೆ ಒಂಬತ್ತೂವರೆಗೆ ಮೊದಲೇ ಹೋಗಿ, ಮನೆಯಲ್ಲಿರುವ ಔಷಧಿಯನ್ನೆಲ್ಲ, ಕಣ್ಣಿನ ಹನಿಯನ್ನೂ ಸೇರಿಸಿ, ಚೀಲದಲ್ಲಿ ಒಯ್ಯಿರಿ. ಕಾಯುವ ಕೋಣೆಯಲ್ಲಿ ಗಣಪತಿಯ ಪಟದ ಕೆಳಗೆ ಊದುಬತ್ತಿ ಹಚ್ಚಿಡುವ ಪದ್ಧತಿಯಿತ್ತು. ಉಬ್ಬಸದವರು ತುಂಬಿರುವ ಕೋಣೆಯಲ್ಲಿ ಇದು ಸರಿಯಲ್ಲವೆಂದು ನಾನು ಎರಡು ಸಲ ಹೇಳಿದ ಮೇಲೆ ಈಗ ಹೊರಗಿನ ತುಳಸಿ ಕಟ್ಟೆಯ ಬಳಿ ಹಚ್ಚುತ್ತಾರೆ. ಗಾಳಿ ಬೀಸುವ ದಿನ ಕಿಟಕಿಯ ಪಕ್ಕದ ಬೆಂಚನ್ನು ಬಿಟ್ಟು ಒಳಗಡೆ ಕುಳಿತುಕೊಳ್ಳಿ.